ನಾನು ಹೇಳಿದ್ದು ಇಷ್ಟು

ವಾದ ಮಾಡುವುದು ಕಷ್ಟ ಎನ್ನುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಅದು ತೀರಾ ಸುಲಭವಾಗಿರುವುದೇ ತೊಂದರೆ. ಯಾರಾದರೂ "ಯಾಕೆ ಹಾಗಂತೀರಾ?" ಎಂದು ಕೇಳಲಿ, ತಕ್ಷಣ ಬಾಯಿಗೆ ನಾಲ್ಕು ಕಾರಣ ಬಂದುಬಿಡುತ್ತವೆ. ಮೊದಲೇ ಯೋಚಿಸಿ ಇಟ್ಟುಕೊಂಡಿದ್ದ ಕಾರಣಗಳಾ ಅವು? ಎಷ್ಟೋ ಸಲ ಅಲ್ಲ. ಕೇಳಿದರಲ್ಲ ಅಂತ ಆಗಷ್ಟೇ ಹುಟ್ಟಿದವು.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಲಾರ್ಸ್ ಹಾಲ್, ಪೆಟ್ಟರ್ ಯೋಹಾನ್ಸನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಓದಿದಾಗ ನಗು ಬರುತ್ತದೆ, ಆಮೇಲೆ ಸ್ವಲ್ಪ ಭಯವಾಗುತ್ತದೆ. ಓಡಾಡುತ್ತಿದ್ದ 160 ಜನರನ್ನು ನಿಲ್ಲಿಸಿ, ರಟ್ಟಿಗೆ ಸಿಕ್ಕಿಸಿದ ಪ್ರಶ್ನೆಪತ್ರಿಕೆ ಕೊಟ್ಟರು. ಸರಿ ತಪ್ಪಿನ ಬಗ್ಗೆ ಒಂದಷ್ಟು ಹೇಳಿಕೆಗಳು. ಎಷ್ಟು ಒಪ್ಪುತ್ತೀರಿ, ಎಷ್ಟು ಒಪ್ಪುವುದಿಲ್ಲ ಎಂದು ಅಂಕಿ ಹಾಕಬೇಕು. ಕರಾಮತ್ತು ಇದ್ದದ್ದು ಆ ರಟ್ಟಿನಲ್ಲಿ. ಕೆಲವು ಹೇಳಿಕೆಗಳನ್ನು ತೆಳುವಾದ ಚೀಟಿಯ ಮೇಲೆ ಅಚ್ಚು ಹಾಕಿ ಹಾಳೆಗೆ ಅಂಟಿಸಿದ್ದರು. ಹಾಳೆಯನ್ನು ರಟ್ಟಿನ ಹಿಂಬದಿಗೆ ಮಡಚಿದಾಗ ಅಲ್ಲಿದ್ದ ಅಂಟಿಗೆ ಚೀಟಿ ಹಿಡಿದುಕೊಂಡು ಕಿತ್ತು ಬರುತ್ತಿತ್ತು. ಕೆಳಗೆ ಅದಕ್ಕೆ ಪೂರ್ತಿ ಉಲ್ಟಾ ಹೇಳಿಕೆ. ಅಂಕಿ ಮಾತ್ರ ಹಾಕಿದ್ದು ಹಾಕಿದ ಹಾಗೇ ಇದೆ.

ಆಮೇಲೆ ಅದೇ ಹಾಳೆಯನ್ನು ಗಟ್ಟಿಯಾಗಿ ಓದಿ, ನಿಮ್ಮ ಉತ್ತರಕ್ಕೆ ಕಾರಣ ಹೇಳಿ ಎಂದರು. ನೂರಕ್ಕೆ 69 ಮಂದಿ ಬದಲಾದ ಹೇಳಿಕೆಗಳಲ್ಲಿ ಒಂದನ್ನಾದರೂ ತಮ್ಮದೇ ಅಂತ ಒಪ್ಪಿಕೊಂಡರು. ಬರೀ ಒಪ್ಪಿಕೊಂಡಿದ್ದರೆ ಗಮನವಿಲ್ಲದೆ ಆಯಿತು ಎನ್ನಬಹುದಿತ್ತು. ಎಷ್ಟೋ ಜನ ಕಾರಣವನ್ನೂ ಕೊಟ್ಟರು. ಕೆಲವೇ ನಿಮಿಷಗಳ ಹಿಂದೆ ಗುರುತು ಹಾಕಿದ್ದಕ್ಕೆ ತದ್ವಿರುದ್ಧವಾದ ಮಾತನ್ನು ತಮ್ಮ ನಂಬಿಕೆಯೆಂಬಂತೆ ಸಮರ್ಥಿಸಿಕೊಂಡರು.

ಹಾಗಾದರೆ ಒಂದು ನಿಲುವನ್ನು ನಾನು ಚೆನ್ನಾಗಿ ಸಮರ್ಥಿಸಿಕೊಂಡೆ ಎನ್ನುವುದರಿಂದ ಏನು ತಿಳಿಯುತ್ತದೆ? ನನಗೆ ಮಾತು ಬರುತ್ತದೆ ಎಂದು ತಿಳಿಯುತ್ತದೆ. ನಿಲುವು ಸರಿಯೋ ತಪ್ಪೋ ಅದು ಬೇರೆ ವಿಷಯ. ಅಷ್ಟೇ ಅಲ್ಲ, ಅದು ನನ್ನ ನಿಲುವೇ ಹೌದಾ ಅನ್ನುವುದೂ ಬೇರೆ ವಿಷಯ!

ಇದಕ್ಕೆ ನಾನು ನನ್ನ ಮೇಲೇ ಬಳಸುವ ಒಂದು ಪ್ರಶ್ನೆ ಇದೆ. ಕಾರಣ ಕೊಡುವ ಮುಂಚೆ ಕೇಳಿಕೊಳ್ಳಬೇಕಾದದ್ದು: ಈ ಕಾರಣ ಸುಳ್ಳು ಅಂತ ನಾಳೆ ಸಾಬೀತಾದರೆ ನನ್ನ ಅಭಿಪ್ರಾಯ ಒಂದು ಕೂದಲಿನಷ್ಟಾದರೂ ಅಲುಗುತ್ತದಾ? ಅಲುಗುವುದಿಲ್ಲ ಅಂತಾದರೆ ಅದು ನನ್ನ ಕಾರಣ ಅಲ್ಲ. ಎದುರಿನವರ ಬಾಯಿ ಮುಚ್ಚಿಸಲು ತಂದಿಟ್ಟುಕೊಂಡ ಸರಕು. ಅಂಥದ್ದನ್ನು ಹತ್ತು ಪೇರಿಸಿಟ್ಟರೆ ನೋಡುವವರಿಗೆ ಭರ್ಜರಿಯಾಗಿ ಕಾಣುತ್ತದೆ ನಿಜ. ಆದರೆ ಎದುರಿನವರು ಪಾಪ, ಅದರಲ್ಲಿ ಏಳನ್ನು ಕಷ್ಟಪಟ್ಟು ಕೆಡವಿ ನೋಡಿದರೆ ನಾವು ಕೂತಲ್ಲೇ ಕೂತಿರುತ್ತೇವೆ. ಅವರಿಗೆ ಮೋಸ ಮಾಡಿದ ಹಾಗಲ್ವಾ ಅದು?

ಒಂದು ಆಫೀಸಿನ ಮೀಟಿಂಗ್ ಅಂದುಕೊಳ್ಳಿ. ಇಂಥ ಮಾತುಕತೆ ನೀವೂ ಕೇಳಿರುತ್ತೀರಿ.

"ಮನೆಯಿಂದ ಕೆಲಸ ಮಾಡೋರು ಯಾರೂ ಸರಿಯಾಗಿ ಕೆಲಸ ಮಾಡಲ್ಲ."

"ಯಾರೂ ಅಂದ್ರೆ? ಹೋದ ತಿಂಗಳು ಎಲ್ಲರಿಗಿಂತ ಮುಂಚೆ ಮುಗಿಸಿದ ಮೂವರೂ ಮನೆಯಿಂದಲೇ ಮಾಡಿದ್ದಲ್ವಾ?"

"ಅಯ್ಯೋ, ನಾನು ಹೇಳಿದ್ದು ಕೆಲವು ಕೆಲಸಕ್ಕೆ ಎದುರುಬದುರು ಕೂತರೆ ಒಳ್ಳೇದು ಅಂತ ಅಷ್ಟೇ. ಅದನ್ನೂ ಒಪ್ಪಲ್ವಾ ನೀವು?"

ಅದನ್ನು ಯಾರು ತಾನೇ ಒಪ್ಪುವುದಿಲ್ಲ? ಎದುರಿನವರು ತಲೆ ಆಡಿಸುತ್ತಾರೆ. ಐದು ನಿಮಿಷ ಕಳೆಯುತ್ತದೆ. ಆಮೇಲೆ ಅದೇ ಬಾಯಿಂದ, "ಅದಕ್ಕೇ ಹೇಳಿದ್ದು, ಎಲ್ಲರೂ ದಿನಾ ಆಫೀಸಿಗೇ ಬರಲಿ, ಮನೇಲಿ ಯಾರೂ ಕೆಲಸ ಮಾಡಲ್ಲ."

ಇಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಿ. ದೊಡ್ಡ ಮಾತು ಹೇಳಿದರು. ಅದಕ್ಕೆ ಪೆಟ್ಟು ಬಿದ್ದಾಗ ಚಿಕ್ಕ ಮಾತಿನ ಹಿಂದೆ ಅಡಗಿದರು. ಚಿಕ್ಕ ಮಾತಿಗೆ ಸಿಕ್ಕ ಒಪ್ಪಿಗೆಯನ್ನು ದೊಡ್ಡ ಮಾತಿನ ಲೆಕ್ಕಕ್ಕೆ ಬರೆದುಕೊಂಡರು. ಹೇಳುವವರಿಗೂ ಇದು ಗೊತ್ತಾಗದೆ ಆಗುವುದುಂಟು. ಹಾಗಾಗಿ ಅವರನ್ನು ಸುಳ್ಳುಗಾರ ಎನ್ನಲು ನನಗೆ ಮನಸ್ಸಿಲ್ಲ. ಆದರೆ ತಮ್ಮ ನಿಲುವು ಎಷ್ಟು ಅಗಲ ಎಂದು ಅವರು ಯಾವತ್ತೂ ಅಳೆದು ನೋಡಿಲ್ಲ. ಯಾರೂ, ಎಲ್ಲರೂ, ಯಾವಾಗಲೂ ಎಂಬ ಮಾತುಗಳು ಬಂದ ಕಡೆಯೆಲ್ಲ ಈ ಅಳತೆ ತಪ್ಪಿರುತ್ತದೆ. ಅವರನ್ನು ಕೂರಿಸಿ ಸಮಾಧಾನವಾಗಿ ಕೇಳಿದರೆ ಒಳಗಿನ ಕಾರಣವೇ ಬೇರೆ ಇರಬಹುದು. ತಂಡದಲ್ಲಿ ಇಬ್ಬರು ಫೋನ್ ಎತ್ತುವುದಿಲ್ಲ, ಆ ಇಬ್ಬರ ಮೇಲೆ ಅವರಿಗೆ ನಂಬಿಕೆ ಇಲ್ಲ. ಇದನ್ನು ಹೇಳಿದ್ದರೆ ಮಾತು ಆ ಇಬ್ಬರ ಬಗ್ಗೆ ಆಗುತ್ತಿತ್ತು, ಬೇಗ ಮುಗಿಯುತ್ತಿತ್ತು. ಹೇಳಲು ಮುಜುಗರ ಅಂತ ಇಡೀ ಆಫೀಸಿಗೆ ಅನ್ವಯಿಸುವ ಸಿದ್ಧಾಂತ ಕಟ್ಟಿದರು. ನಾನು ನೋಡಿದ ಮಟ್ಟಿಗೆ, ಜಾಸ್ತಿ ವಾದಗಳು ದಾರಿ ತಪ್ಪುವುದು ಇಲ್ಲೇ. ಸುಳ್ಳಿನಿಂದಲ್ಲ, ಮುಜುಗರದಿಂದ.

ಈ ಜಾರಾಟ ಹೊಸದೇನಲ್ಲ. ನಮ್ಮ ಹಳೆಯ ತರ್ಕಗ್ರಂಥವಾದ ಗೌತಮನ ನ್ಯಾಯಸೂತ್ರದ ಕೊನೆಯ ಅಧ್ಯಾಯದಲ್ಲಿ 22 ನಿಗ್ರಹಸ್ಥಾನಗಳ ಪಟ್ಟಿ ಇದೆ. ವಾದದಲ್ಲಿ ಹೀಗೆ ಮಾಡಿದರೆ ನೀನು ಸೋತೆ ಎಂದು ಲೆಕ್ಕ ಹಾಕುವ ಜಾಗಗಳು ಅವು. ಅದರಲ್ಲಿ ಪ್ರತಿಜ್ಞಾಂತರ ಅಂತ ಒಂದು: ಹೇಳಿದ ಮಾತಿಗೆ ಆಕ್ಷೇಪ ಬಂದಾಗ ಅದಕ್ಕೊಂದು ಬಾಲ ಸೇರಿಸಿ ಬೇರೆ ಮಾತು ಮಾಡುವುದು. ಹೇತ್ವಂತರ ಇನ್ನೊಂದು: ಕೊಟ್ಟ ಕಾರಣ ನಿಲ್ಲದಿದ್ದಾಗ ಕಾರಣವನ್ನೇ ತಿದ್ದಿ ಬೇರೆ ಮಾಡಿಕೊಳ್ಳುವುದು. ಮತಾನುಜ್ಞಾ ಅನ್ನುವುದನ್ನು ಓದಿದಾಗಂತೂ ಈ ಹೊತ್ತಿನ ಟಿವಿ ಚರ್ಚೆ ನೋಡಿ ಬರೆದ ಹಾಗಿದೆ ಅನ್ನಿಸಿತು. ನಿನ್ನ ವಾದದಲ್ಲಿ ಈ ದೋಷ ಇದೆ ಎಂದರೆ, ಇಲ್ಲ ಎಂದು ತೋರಿಸುವ ಬದಲು "ನಿನ್ನದರಲ್ಲೂ ಇದೆಯಲ್ಲ" ಎನ್ನುವುದು. ಸೂತ್ರದ ಪ್ರಕಾರ ಅಲ್ಲಿಗೆ ನೀನು ನಿನ್ನ ದೋಷವನ್ನು ಒಪ್ಪಿಕೊಂಡ ಹಾಗೆ. ಎಷ್ಟು ಸರಿ ನೋಡಿ. "ಅವರು ಮಾಡಿದಾಗ ಎಲ್ಲಿ ಹೋಗಿದ್ರಿ?" ಎಂದು ಕೇಳಿದವರು ನಾವು ಮಾಡಿದ್ದೇವೆ ಎಂದು ಮೊದಲೇ ಒಪ್ಪಿಯಾಯಿತು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅನನುಭಾಷಣ. ನೀವು ಒಂದು ಮಾತು ಹೇಳಿದ್ದೀರಿ. ಸಭೆಗೆ ಅದು ಅರ್ಥವಾಗಿದೆ. ಮೂರು ಸಲ ಹೇಳಿದ್ದೂ ಆಗಿದೆ. ಅಷ್ಟಾದರೂ ಎದುರಾಳಿಗೆ ಅದನ್ನು ತಿರುಗಿ ಹೇಳಲು ಬರಲಿಲ್ಲ. ಆತ ಸೋತ. ಉತ್ತರ ಕೊಡುವ ಮಾತು ಆಮೇಲಿನದು. ನೀನು ಯಾವುದಕ್ಕೆ ಉತ್ತರ ಕೊಡುತ್ತಿದ್ದೀಯ ಎಂದು ಮೊದಲು ಹೇಳು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ನ್ಯಾಯಸೂತ್ರ ಓದಿದ್ದರೋ ಇಲ್ಲವೋ, ಆದರೆ ಈ ನಿಯಮ ಅವರ ಮಾತಿನಲ್ಲೇ ಇತ್ತು. ಒಪ್ಪದ ಮಾತು ಬಂದಾಗಲೆಲ್ಲ ಆಕೆ ಪೆನ್ನು ಕೆಳಗಿಟ್ಟು, "ನೀವು ಹೇಳ್ತಿರೋದು ಹೀಗೆ ಅಂತ ನಾನು ತಿಳ್ಕೊಂಡಿದ್ದೀನಿ, ಸರೀನಾ?" ಎಂದು ಕೇಳಿ, ಅವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಎಷ್ಟೋ ಸಲ ಆ ಕಡೆಯವರು, "ಹಾಂ, ಅದೇ... ಅಲ್ಲ, ಪೂರ್ತಿ ಹಾಗೂ ಅಲ್ಲ" ಎಂದು ತಾವೇ ತಿದ್ದಿಕೊಳ್ಳುತ್ತಿದ್ದರು. ಇನ್ನೂ ಆಕೆ ಒಂದು ಆಕ್ಷೇಪವನ್ನೂ ಎತ್ತಿಲ್ಲ! ಹೊಸದಾಗಿ ಬಂದವರಿಗೆ ಇದು ಮೆದುತನ ಅಂತ ಕಾಣುತ್ತಿತ್ತು. ನಾಲ್ಕು ಮೀಟಿಂಗ್ ಆದ ಮೇಲೆ ಆಕೆಯ ಎದುರು ಅರ್ಧಂಬರ್ಧ ತಯಾರಾಗಿ ಬರಲು ಅವರೂ ಹೆದರುತ್ತಿದ್ದರು.

ನ್ಯಾಯಸೂತ್ರದ ಜೊತೆ ನನ್ನದೊಂದು ತಕರಾರೂ ಇದೆ. ಮಾತನ್ನು ತಿದ್ದಿಕೊಂಡರೆ ಸೋಲು ಎಂದರೆ ಯಾರು ತಾನೇ ತಿದ್ದಿಕೊಳ್ಳುತ್ತಾರೆ? ಅದೇ ಗ್ರಂಥ ವಾದವನ್ನೂ ಜಲ್ಪವನ್ನೂ ಬೇರೆ ಬೇರೆ ಇಡುತ್ತದೆ ಅನ್ನುವುದು ಸಮಾಧಾನ. ನಿಜ ಏನು ಎಂದು ತಿಳಿಯಲು ಕೂತದ್ದು ವಾದ. ಗೆಲ್ಲಲೇಬೇಕು ಎಂದು, ಮಾತಿನ ಮೋಸವನ್ನೂ ಸೇರಿಸಿಕೊಂಡು ಇಳಿದದ್ದು ಜಲ್ಪ. ಹಾಗಂತ ಜಲ್ಪವನ್ನು ಅದು ಪೂರ್ತಿ ಬೈಯುವುದೂ ಇಲ್ಲ. ಮೊಳಕೆಯೊಡೆಯುವ ಬೀಜಕ್ಕೆ ಮುಳ್ಳಿನ ಬೇಲಿ ಹಾಕಿದ ಹಾಗೆ, ತಿಳಿದ ಸತ್ಯವನ್ನು ಕಾಪಾಡಿಕೊಳ್ಳಲು ಅದೂ ಬೇಕಾಗುತ್ತದೆ ಎನ್ನುತ್ತದೆ. ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬೇಲಿ ಹಾಕುವ ಉತ್ಸಾಹದಲ್ಲಿ ಒಳಗೆ ಬೀಜ ಇದೆಯೋ ಇಲ್ಲವೋ ನೋಡುವುದೇ ಮರೆತುಹೋದವರನ್ನು ಬೇಕಾದಷ್ಟು ಕಂಡಿದ್ದೇನೆ. ತಿದ್ದಿಕೊಳ್ಳುವುದರ ಬಗ್ಗೆ ನನ್ನ ಲೆಕ್ಕ ಇಷ್ಟೇ: ಬಾಯಿಬಿಟ್ಟು ಹೇಳಿ ತಿದ್ದಿಕೊಂಡರೆ ತಪ್ಪಿಲ್ಲ. "ಮೊದಲು ಎಲ್ಲರೂ ಅಂದಿದ್ದೆ, ಅದು ಜಾಸ್ತಿ ಆಯ್ತು, ಈಗ ಇಷ್ಟಕ್ಕೆ ನಿಲ್ಲುತ್ತೇನೆ" ಎಂದರೆ ಮುಗಿಯಿತು. ಸದ್ದಿಲ್ಲದೆ ಜರುಗುವುದೇ ಮೋಸ.

ನಿಲುವನ್ನು ಕಾಪಾಡಿಕೊಳ್ಳುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಡಾರ್ವಿನ್‌ನನ್ನು ತೋರಿಸುತ್ತೇನೆ. ಅವನ ವಿಜ್ಞಾನಕ್ಕಲ್ಲ, ಅವನ ವಾದದ ರೀತಿಗೆ. ತನ್ನ ಆತ್ಮಕಥೆಯಲ್ಲಿ ಆತ ಒಂದು ಅಭ್ಯಾಸದ ಬಗ್ಗೆ ಬರೆದುಕೊಂಡಿದ್ದಾನೆ. ತನ್ನ ತೀರ್ಮಾನಕ್ಕೆ ಒಗ್ಗದ ಸಂಗತಿ ಕಣ್ಣಿಗೆ ಬಿದ್ದರೆ, ಹೊಸ ಯೋಚನೆ ಹೊಳೆದರೆ, ತಡಮಾಡದೆ ಬರೆದಿಡುತ್ತಿದ್ದ. ಯಾಕೆಂದರೆ ನಮಗೆ ಬೇಕಾದ ಸಂಗತಿಗಳಿಗಿಂತ ಇಂಥವೇ ಬೇಗ ಮರೆತುಹೋಗುತ್ತವೆ ಎಂದು ಅನುಭವದಿಂದ ಅವನಿಗೆ ಗೊತ್ತಾಗಿತ್ತು. ಗಮನಿಸಿ, ನಾನು ಪ್ರಾಮಾಣಿಕ ಎಂದು ಆತ ಹೇಳಿಕೊಳ್ಳುತ್ತಿಲ್ಲ. ನನ್ನ ನೆನಪು ನನ್ನ ಪರವಾಗಿ ವಕಾಲತ್ತು ಮಾಡುತ್ತದೆ, ಅದನ್ನು ನಂಬಬಾರದು ಎನ್ನುತ್ತಿದ್ದಾನೆ. ಅದರ ಫಲವೇನು ಎಂಬುದನ್ನೂ ಹೇಳುತ್ತಾನೆ: ತಾನು ಮೊದಲೇ ಗಮನಿಸಿ ಉತ್ತರಿಸಲು ಯತ್ನಿಸದೇ ಇದ್ದ ಆಕ್ಷೇಪ ಬಂದದ್ದು ಬಹಳ ಕಡಿಮೆ.

ಜೀವಜಾತಿಗಳು ಹೇಗೆ ಹುಟ್ಟಿದವು ಎಂಬುದರ ಬಗ್ಗೆ 1859ರಲ್ಲಿ ಬಂದ ಅವನ ಪುಸ್ತಕದಲ್ಲಿ (On the Origin of Species) ಆರನೆಯ ಅಧ್ಯಾಯ ಪೂರ್ತಿ ಅವನದೇ ಸಿದ್ಧಾಂತದ ತೊಡಕುಗಳ ಬಗ್ಗೆ. ಇನ್ನೂ ಯಾರೂ ಕೇಳಿಲ್ಲ. ಆತನೇ ಕೇಳಿಕೊಂಡ. ಕಣ್ಣಿನಂಥ ಅಂಗ ಸಣ್ಣ ಸಣ್ಣ ಬದಲಾವಣೆಗಳಿಂದ ಆಯಿತು ಎನ್ನುವುದು ಮೇಲ್ನೋಟಕ್ಕೆ ಅತ್ಯಂತ ಅಸಂಬದ್ಧವಾಗಿ ಕಾಣುತ್ತದೆ ಎಂದು ಬರೆದ. ಆತನ ವಿರೋಧಿಗಳು ಇವತ್ತಿಗೂ ಆ ಒಂದು ವಾಕ್ಯವನ್ನು ಎತ್ತಿ ತೋರಿಸುತ್ತಾರೆ. ನೋಡಿ, ಅವನೇ ಒಪ್ಪಿದ್ದಾನೆ ಅಂತ. ಮುಂದಿನ ಸಾಲಿಗೆ ಹೋಗುವುದೇ ಇಲ್ಲ. ಮುಂದೆ ಆತ ಹೇಳುವುದು ಇದು: ತೀರಾ ಸರಳವಾದ ಕಣ್ಣಿನಿಂದ ತೀರಾ ಸಂಕೀರ್ಣವಾದ ಕಣ್ಣಿನ ತನಕ ಹಂತಹಂತವಾದ ಸಾಲು ಇದೆಯೆಂದು, ಪ್ರತಿ ಹಂತವೂ ಆ ಜೀವಿಗೆ ಉಪಯೋಗಕ್ಕೆ ಬರುವಂಥದ್ದೆಂದು, ಆ ಬದಲಾವಣೆಗಳು ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತವೆಂದು ತೋರಿಸಲಾದರೆ, ಕಲ್ಪನೆಗೆ ನಿಲುಕದಿದ್ದರೂ ಅದು ನಿಜವಾದ ತೊಡಕಲ್ಲ. ಆಮೇಲೆ ಅಂಥ ಹಂತಗಳನ್ನು ಜೀವಿಗಳಲ್ಲಿ ಹುಡುಕಿ ತೋರಿಸಲು ಹೊರಡುತ್ತಾನೆ. ಎದುರಾಳಿಯ ವಾಕ್ಯವನ್ನು ಅರ್ಧಕ್ಕೆ ಕತ್ತರಿಸುವವರಿಗೆ ನನ್ನ ಬಳಿ ಕರುಣೆ ಕಡಿಮೆ. ತಿಳಿಯದೆ ಜಾರುವುದು ಬೇರೆ. ಕತ್ತರಿ ಹಿಡಿದವರಿಗೆ ಎಲ್ಲಿ ಕತ್ತರಿಸಬೇಕು ಅಂತ ಗೊತ್ತಿರುತ್ತದೆ.

ಅದೇ ಅಧ್ಯಾಯದಲ್ಲಿ ಆತ ಇನ್ನೊಂದು ಕೆಲಸ ಮಾಡಿದ. ಯಾವ ಸಂಗತಿ ಸಿಕ್ಕರೆ ತನ್ನ ಸಿದ್ಧಾಂತ ಮುರಿದುಬೀಳುತ್ತದೆ ಎಂದು ಬರೆದಿಟ್ಟ. ಸಣ್ಣ ಸಣ್ಣ ಬದಲಾವಣೆಗಳು ಒಂದರ ಮೇಲೊಂದು ಸೇರಿ ಆಗಿರಲು ಸಾಧ್ಯವೇ ಇಲ್ಲದಂಥ ಒಂದು ಸಂಕೀರ್ಣ ಅಂಗ ಇದೆ ಎಂದು ತೋರಿಸಿ, ನನ್ನ ಸಿದ್ಧಾಂತ ಪೂರ್ತಿ ಕುಸಿಯುತ್ತದೆ ಎಂದ. ಹೊಡೆಯಬೇಕಾದ ಜಾಗವನ್ನು ತಾನೇ ಬೆರಳಿಟ್ಟು ತೋರಿಸಿದ ಹಾಗಾಯಿತು. ಇದು ಹುಂಬತನ ಅಂತ ಕಾಣಬಹುದು. ಆದರೆ ಇದರಿಂದ ವಾದ ಅಲ್ಲಿ ಇಲ್ಲಿ ಅಲೆಯುವುದು ನಿಂತುಹೋಯಿತು. 1871ರಲ್ಲಿ ಸೇಂಟ್ ಜಾರ್ಜ್ ಮೈವಾರ್ಟ್ ಎಂಬ ಜೀವಶಾಸ್ತ್ರಜ್ಞ ಕೈಹಾಕಿದ್ದು ಇಂಥ ಜಾಗಕ್ಕೇ: ಅಂಗ ಪೂರ್ತಿ ಆದ ಮೇಲೆ ಉಪಯೋಗ ಸರಿ, ಇನ್ನೂ ಮೊದಲ ಹಂತದಲ್ಲಿ ಇದ್ದಾಗ ಅದರಿಂದ ಏನು ಲಾಭ? ಒಳ್ಳೆಯ ಪ್ರಶ್ನೆ. ಡಾರ್ವಿನ್ 1872ರ ಆರನೆಯ ಆವೃತ್ತಿಯಲ್ಲಿ ಇಂಥ ಆಕ್ಷೇಪಗಳಿಗಾಗಿಯೇ ಒಂದು ಹೊಸ ಅಧ್ಯಾಯ ಸೇರಿಸಿ ಉತ್ತರಿಸಿದ.

ಎಲ್ಲವನ್ನೂ ಆತ ಉಳಿಸಿಕೊಳ್ಳಲೂ ಹೋಗಲಿಲ್ಲ. ಮೊದಲ ಆವೃತ್ತಿಯಲ್ಲಿ, ಇಂಗ್ಲೆಂಡಿನ ವೀಲ್ಡ್ ಎಂಬ ಪ್ರದೇಶ ಸವೆದು ಈಗಿನ ರೂಪಕ್ಕೆ ಬರಲು ಸುಮಾರು 30 ಕೋಟಿ ವರ್ಷ ಹಿಡಿದಿರಬೇಕು ಎಂದು ಲೆಕ್ಕ ಹಾಕಿದ್ದ. ಭೂಮಿಗೆ ಎಷ್ಟೊಂದು ಕಾಲ ಇತ್ತು ಎಂದು ತೋರಿಸಲು ಕೊಟ್ಟ ಉದಾಹರಣೆ ಅದು. ಆ ಲೆಕ್ಕಕ್ಕೆ ಕಟುವಾದ ಟೀಕೆ ಬಂತು. 1861ರ ಮೂರನೆಯ ಆವೃತ್ತಿಯ ಹೊತ್ತಿಗೆ ಅದನ್ನು ತೆಗೆದೇ ಹಾಕಿದ. ಸಿದ್ಧಾಂತವನ್ನು ಬಿಡಲಿಲ್ಲ, ಕಾಲ ಬಹಳ ಬೇಕು ಎಂಬ ಮಾತನ್ನೂ ಬಿಡಲಿಲ್ಲ. ಯಾವುದು ಬಿದ್ದರೆ ಎಲ್ಲ ಬೀಳುತ್ತದೆ, ಯಾವುದು ಬಿದ್ದರೂ ನಡೆಯುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಹೀಗೆ ಬಿಟ್ಟುಕೊಡಲು ಆಗುವುದು. ಅದು ಗೊತ್ತಿಲ್ಲದವರು ಒಂದು ಚಿಕ್ಕ ಅಂಕಿಗೂ ಪ್ರಾಣ ಬಿಡುತ್ತಾರೆ. ನೀವು ನೋಡಿರಬಹುದು, ಇಸವಿ ತಪ್ಪಿದೆ ಎಂದರೂ ಸಾಕು, ಮುಖ ಕೆಂಪಾಗುತ್ತದೆ.

(ಡಾರ್ವಿನ್‌ನ ಪುಸ್ತಕ ಬಂದ 1859ರಲ್ಲೇ ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಕೂಡ ಬರೆದ: ತನ್ನ ಕಡೆಯ ವಾದ ಮಾತ್ರ ಗೊತ್ತಿರುವವನಿಗೆ ಆ ವಾದವೂ ಅಷ್ಟಾಗಿ ಗೊತ್ತಿಲ್ಲ. ಎದುರು ಕಡೆಯ ವಾದವನ್ನು ನಮ್ಮ ಮೇಷ್ಟ್ರ ಬಾಯಿಂದ ಕೇಳಿದರೆ ಸಾಲದು, ಅದನ್ನು ನಿಜವಾಗಿ ನಂಬಿದವರ ಬಾಯಿಂದಲೇ ಕೇಳಬೇಕು ಎಂದೂ ಸೇರಿಸಿದ. ನಾವು ಹೆಚ್ಚಾಗಿ ಮಾಡುವುದು ಇದರ ಉಲ್ಟಾ. ಆ ಕಡೆಯವರು ಏನು ಹೇಳುತ್ತಾರೆ ಎಂದು ಈ ಕಡೆಯವರನ್ನು ಕೇಳುತ್ತೇವೆ.)

ಇಷ್ಟು ಹೇಳಿದ ಮೇಲೆ ಕೆಲವರಿಗೆ ಅನುಮಾನ ಬರುತ್ತದೆ. ಪ್ರಾಮಾಣಿಕವಾಗಿ ವಾದ ಮಾಡುವುದು ಅಂದ್ರೆ ಯಾವಾಗಲೂ ಸ್ವಲ್ಪ ಬಗ್ಗಿ ನಡೆಯುವುದಾ? ಎರಡೂ ಕಡೆ ಸರಿ ಎಂದು ತಲೆ ಆಡಿಸುವುದಾ? ಅದಕ್ಕೆ ನನ್ನ ಉತ್ತರ ಅಂಬೇಡ್ಕರ್. ಜಾತಿ ಪದ್ಧತಿ ತೊಲಗಬೇಕು ಎನ್ನುತ್ತಿದ್ದ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ತನ್ನ 1936ರ ಸಮ್ಮೇಳನದ ಅಧ್ಯಕ್ಷತೆಗೆ ಅವರನ್ನು ಕರೆಯಿತು. ಭಾಷಣದ ಪ್ರತಿ ಓದಿದ ಮೇಲೆ ಮಂಡಲದವರಿಗೆ ಗಾಬರಿಯಾಗಿ, ಕೆಲವು ಭಾಗ ಬಿಡಿ ಎಂದು ಕೇಳಿದರು. ಅಂಬೇಡ್ಕರ್ ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದರು. ಸಭೆಯೇ ರದ್ದಾಯಿತು. ಅವರು ಭಾಷಣವನ್ನು 'ಜಾತಿ ವಿನಾಶ' (Annihilation of Caste) ಎಂಬ ಹೆಸರಿನಲ್ಲಿ ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಗಾಂಧಿ ತಮ್ಮ ಹರಿಜನ ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿ ಬರೆದರು.

ನನಗೆ ಮುಖ್ಯ ಅನ್ನಿಸುವುದು ಮುಂದಿನದು. 1937ರಲ್ಲಿ ಎರಡನೆಯ ಆವೃತ್ತಿ ತಂದಾಗ ಅಂಬೇಡ್ಕರ್ ಗಾಂಧಿಯ ಟೀಕೆಯನ್ನು ಅದೇ ಪುಸ್ತಕದಲ್ಲಿ ಅಚ್ಚು ಹಾಕಿಸಿದರು, ಪಕ್ಕದಲ್ಲಿ ತಮ್ಮ ಉತ್ತರವನ್ನೂ ಇಟ್ಟರು. ಉತ್ತರದಲ್ಲಿ ಮೆತ್ತಗಿನ ಮಾತೇನೂ ಇಲ್ಲ. ತಮ್ಮ ಭಾಷಣದ ಮುಖ್ಯ ಅಂಶಗಳನ್ನು ಒಂದೊಂದಾಗಿ ಎತ್ತಿಟ್ಟು, ಗಾಂಧಿ ಇವುಗಳಲ್ಲಿ ಯಾವುದಕ್ಕೆ ಉತ್ತರ ಕೊಟ್ಟಿದ್ದಾರೆ ಎಂದು ಕೇಳುತ್ತಾರೆ. ನಾನು ಹೇಳಿದ್ದು ಇಷ್ಟು, ನೀವು ಉತ್ತರಿಸಿದ್ದು ಬೇರೆಯದಕ್ಕೆ ಎಂಬುದು ಅವರ ದೂರು. ನಿಲುವಿನಲ್ಲಿ ಒಂದಿಂಚೂ ಕದಲಲಿಲ್ಲ. ಆದರೆ ಓದುಗ ಎದುರಾಳಿಯ ಮಾತನ್ನು ತಮ್ಮ ಬಾಯಿಂದಲೇ ಕೇಳಲಿ ಎಂದು ಬಿಡಲಿಲ್ಲ. ಅವರದನ್ನೂ ಓದು, ನನ್ನದನ್ನೂ ಓದು, ಆಮೇಲೆ ನೀನೇ ನೋಡು ಎಂದರು. ಗಟ್ಟಿತನ ಬೇರೆ, ಮುಚ್ಚಿಡುವುದು ಬೇರೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ದನಿ ಏರಿಸಬಾರದು, ಸಿಟ್ಟು ಮಾಡಬಾರದು ಎಂಬ ಬುದ್ಧಿವಾದಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಸಿಟ್ಟಿನಲ್ಲೂ ನ್ಯಾಯವಾಗಿ ಮಾತಾಡುವವರಿದ್ದಾರೆ. ನಗುನಗುತ್ತಾ ಎದುರಿನವರ ಮಾತು ತಿರುಚುವವರೂ ಇದ್ದಾರೆ. ನನಗೆ ಮೊದಲನೆಯವರೇ ವಾಸಿ.

ನಿಜವಾಗಿ ಕಷ್ಟವಾಗುವುದು ಇನ್ನೊಂದು ಥರದವರ ಜೊತೆ. ಒಂದು ಮಾತಿಗೆ ಉತ್ತರಿಸುವಷ್ಟರಲ್ಲಿ ಇಪ್ಪತ್ತು ಮಾತು ಎಸೆಯುವವರು. ಈ ತಂತ್ರಕ್ಕೆ ಇಂಗ್ಲಿಷಿನಲ್ಲಿ ಡ್ವೇನ್ ಗಿಶ್ ಎಂಬ ಸೃಷ್ಟಿವಾದಿಯ (ಜೀವಿಗಳನ್ನು ದೇವರೇ ಸೃಷ್ಟಿಸಿದ ಎನ್ನುವವರು) ಹೆಸರೇ ಅಂಟಿಕೊಂಡಿದೆ: ಗಿಶ್ ಗ್ಯಾಲಪ್. 1994ರಲ್ಲಿ ಯೂಜಿನಿ ಸ್ಕಾಟ್ ಎಂಬ ಮಾನವಶಾಸ್ತ್ರಜ್ಞೆ ಹಾಗೆ ಕರೆದರು. ವಿಕಾಸವಾದದ ಮೇಲಿನ ಚರ್ಚೆಗಳಲ್ಲಿ ಗಿಶ್ ಅಷ್ಟೊಂದು ಆಕ್ಷೇಪಗಳನ್ನು ಒಂದೇ ಉಸಿರಿಗೆ ಸುರಿಯುತ್ತಿದ್ದುದರಿಂದ ಎದುರಿನ ವಿಜ್ಞಾನಿಗೆ ಕೊಟ್ಟ ಸಮಯದಲ್ಲಿ ಯಾವುದನ್ನು ಮುಟ್ಟುವುದು ಎಂದೇ ತಿಳಿಯುತ್ತಿರಲಿಲ್ಲ. ಒಂದು ತಪ್ಪು ಹೇಳಲು ಅರ್ಧ ನಿಮಿಷ ಸಾಕು, ಬಿಡಿಸಿ ತೋರಿಸಲು ಹತ್ತು ನಿಮಿಷ ಬೇಕು. ಉತ್ತರ ಸಿಗದೆ ಉಳಿದದ್ದೆಲ್ಲ ಗೆದ್ದ ಲೆಕ್ಕಕ್ಕೆ ಹೋಗುತ್ತದೆ.

ಇಂಥವರ ಎದುರು ಎಲ್ಲರಿಗೂ ಬರುವ ಆಸೆ ಎಂದರೆ ಇಪ್ಪತ್ತರಲ್ಲಿ ತೀರಾ ಪೆದ್ದಾದದ್ದನ್ನು ಆರಿಸಿ ಚೆನ್ನಾಗಿ ಬಾರಿಸುವುದು. ಚಪ್ಪಾಳೆ ಖಂಡಿತ. ಆದರೆ ನಾವು ಬಿಟ್ಟ ಹತ್ತೊಂಬತ್ತರಲ್ಲಿ ಒಂದು ಗಟ್ಟಿಯಾದದ್ದು ಇದ್ದಿರಬಹುದು, ಅದು ನಮಗೂ ಗೊತ್ತಿರುತ್ತದೆ. ಹಾಗಾಗಿ ನಾನು ಆಯ್ಕೆಯನ್ನು ಅವರಿಗೇ ಬಿಡುತ್ತೇನೆ. "ಇಷ್ಟರಲ್ಲಿ ನಿಮಗೆ ಅತಿ ಮುಖ್ಯವಾದದ್ದು ಯಾವುದು? ಅದು ಬಿದ್ದರೆ ನೀವು ಮತ್ತೊಮ್ಮೆ ಯೋಚಿಸುತ್ತೀರಾ?" ಕೆಲವರು ಒಂದನ್ನು ಆರಿಸುತ್ತಾರೆ. ಅಲ್ಲಿಂದ ಮಾತುಕತೆ ಶುರು ಮಾಡಬಹುದು, ಅದೇ ಪ್ರಶ್ನೆಯನ್ನು ಅವರು ತಿರುಗಿ ನನಗೆ ಕೇಳಿದರೆ ಉತ್ತರಿಸಲು ನಾನೂ ತಯಾರಿರಬೇಕು. ಇನ್ನು ಕೆಲವರು ಇಪ್ಪತ್ತೊಂದನೆಯದನ್ನು ಹೇಳುತ್ತಾರೆ. ಅವರ ಜೊತೆ ನಾನು ಮುಂದುವರಿಸುವುದಿಲ್ಲ.